ಬೀಗದ ಕೈ ಮೊದಲು, ತೆರವು ಆಮೇಲೆ

ಅಮೆರಿಕದ ಮಹಾನಗರಗಳನ್ನು ನೋಡಿ ಬಂದ ನಮ್ಮವರು ಅಲ್ಲಿಯ ಗಗನಚುಂಬಿ ಸೌಧಗಳನ್ನು ವರ್ಣಿಸಿದ ಬಳಿಕ, ಸ್ವಲ್ಪ ದನಿ ತಗ್ಗಿಸಿ, ಆ ಸೌಧಗಳ ಬುಡದಲ್ಲಿಯೇ, ಮೇಲ್ಸೇತುವೆಗಳ ಕೆಳಗೂ ರೈಲು ಹಳಿಗಳ ಮಗ್ಗುಲಲ್ಲೂ ಸಾಲುಗಟ್ಟಿ ನಿಂತ ಹರಕು ಡೇರೆಗಳ ಮಾತನ್ನೂ ಎತ್ತುವುದುಂಟು. ಅಷ್ಟೊಂದು ಸಂಪತ್ತಿನ ನಡುವೆ ಇಷ್ಟೊಂದು ನಿರ್ಗತಿಕತೆ ಹೇಗೆ ಸಾಧ್ಯವೆಂಬ ಅವರ ವಿಸ್ಮಯವು ನಿರಾಧಾರವಾದುದಲ್ಲ. 2024ರ ಜನವರಿಯ ಒಂದು ರಾತ್ರಿ ಆ ದೇಶದಲ್ಲಿ ಎಣಿಕೆಗೆ ಸಿಕ್ಕ ವಸತಿಹೀನರ ಸಂಖ್ಯೆ 7,71,480. ಹಿಂದಿನ ವರ್ಷಕ್ಕಿಂತ ಶೇಕಡ 18ರಷ್ಟು ಅಧಿಕ. ಪ್ರತಿ ವರ್ಷವೂ ಜನವರಿಯ ಕೊನೆಯ ಹತ್ತು ದಿನಗಳೊಳಗೆ ಒಂದು ರಾತ್ರಿಯನ್ನು ಗೊತ್ತುಮಾಡಿಕೊಂಡು, ತಂಗುದಾಣಗಳಲ್ಲಿ ಮಲಗಿದವರನ್ನೂ ಬೀದಿಯಲ್ಲಿ ಮಲಗಿದವರನ್ನೂ ಹುಡುಕಿ ಲೆಕ್ಕ ಹಾಕುವ ಪದ್ಧತಿಯನ್ನು ಅವರು ಇರಿಸಿಕೊಂಡಿದ್ದಾರೆ. ಲೆಕ್ಕವಿಟ್ಟ ಮಾತ್ರಕ್ಕೆ ಕಷ್ಟ ಕರಗದೆಂಬುದಕ್ಕೆ ಆ ಏರುತ್ತಿರುವ ಅಂಕಿಯೇ ಸಾಕ್ಷಿ. ಆದರೆ ಅದೇ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ವ್ಯತಿರಿಕ್ತವಾದ ಒಂದು ಪುಟವೂ ಇದೆ. ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರ ಮತ್ತು ಅದರ ಸುತ್ತಣ ಪ್ರದೇಶದಲ್ಲಿ 2011ರಲ್ಲಿ ಸುಮಾರು ಎಂಟೂವರೆ ಸಾವಿರದಷ್ಟಿದ್ದ ವಸತಿಹೀನರ ಸಂಖ್ಯೆಯು, ಆ ಪ್ರದೇಶದ ಒಟ್ಟು ಜನಸಂಖ್ಯೆ ಏರುತ್ತಲೇ ಇದ್ದ ಕಾಲದಲ್ಲಿ, ಹದಿಮೂರು ವರ್ಷಗಳೊಳಗೆ ಮೂರು ಸಾವಿರದ ಮುನ್ನೂರರ ಆಸುಪಾಸಿಗೆ ಇಳಿಯಿತು.

ಹ್ಯೂಸ್ಟನ್ ಔದಾರ್ಯಕ್ಕೆ ಹೆಸರಾದ ಊರಲ್ಲ. ಪೆಟ್ರೋಲಿಯಂ ವ್ಯಾಪಾರದಿಂದ ಬೆಳೆದು, ಬಾಹ್ಯಾಕಾಶ ಕೇಂದ್ರದಿಂದಲೂ ಬೃಹತ್ತಾದ ಆಸ್ಪತ್ರೆಗಳ ಸಮುಚ್ಚಯದಿಂದಲೂ ಖ್ಯಾತಿಗೆ ಬಂದ, ಕನ್ನಡ ಕುಟುಂಬಗಳೂ ಸಾಕಷ್ಟು ನೆಲೆಸಿರುವ ಆ ಪಟ್ಟಣದಲ್ಲಿ ಸರಕಾರದ ಹಸ್ತಕ್ಷೇಪ ಕಡಿಮೆಯಿದ್ದಷ್ಟೂ ಲೇಸೆಂಬ ಭಾವನೆ ಪ್ರಬಲವಾದುದು. ಸ್ವಾವಲಂಬನೆಯ ಉಪದೇಶವಂತೂ ಧಾರಾಳ. ಕರುಣೆಯ ಮಾತನ್ನು ಹೆಚ್ಚಾಗಿ ಆಡುವ ಪಶ್ಚಿಮ ತೀರದ ನಗರಗಳು ಸಾಧಿಸಲಾರದೆ ಹೋದುದನ್ನು ಅಂಥ ಊರು ಬಹುಮಟ್ಟಿಗೆ ಸಾಧಿಸಿತೆಂದರೆ, ಅದರ ಹಿಂದಿನ ಶಕ್ತಿ ಯಾವುದೆಂದು ವಿಚಾರಿಸುವುದು ಯೋಗ್ಯ. ನನಗೆ ತೋರುವ ಮಟ್ಟಿಗೆ, ಅಲ್ಲಿ ನಡೆದದ್ದು ಮುಖ್ಯವಾಗಿ ಆಡಳಿತದ ಒಂದು ಸುಧಾರಣೆ: ಹತ್ತಾರು ಕೈಗಳಲ್ಲಿ ಚದುರಿಹೋಗಿದ್ದ ಅಧಿಕಾರವನ್ನೂ ಹಣವನ್ನೂ ಮಾಹಿತಿಯನ್ನೂ ಒಂದು ಮೇಜಿನ ಮೇಲೆ ತಂದಿಟ್ಟದ್ದು.

ದಯೆಗೆ ಹಿಂದೆಯೂ ಅಲ್ಲಿ ಕೊರತೆಯಿರಲಿಲ್ಲ. ಚರ್ಚುಗಳು ಊಟ ಬಡಿಸುತ್ತಿದ್ದವು; ಧರ್ಮಸಂಸ್ಥೆಗಳು ರಾತ್ರಿ ಮಲಗಲು ಹಾಸಿಗೆ ಕೊಡುತ್ತಿದ್ದವು; ಆಸ್ಪತ್ರೆಗಳು ರೋಗ ಬಂದಾಗ ಚಿಕಿತ್ಸೆ ಮಾಡಿ ಮತ್ತೆ ಬೀದಿಗೆ ಕಳುಹಿಸುತ್ತಿದ್ದವು; ಮಾಜಿ ಸೈನಿಕರ ಇಲಾಖೆ, ನಗರದ ವಸತಿ ಪ್ರಾಧಿಕಾರ, ನಮ್ಮ ಜಿಲ್ಲೆಯಂಥ ಕೌಂಟಿಯ ಕಚೇರಿ, ಪೋಲೀಸು ಇವೆಲ್ಲವೂ ತಮ್ಮ ತಮ್ಮ ಪಾಲಿನ ಕೆಲಸವನ್ನು ತಮಗೆ ತೋಚಿದಂತೆ ನಡೆಸುತ್ತಿದ್ದವು. ಪ್ರತಿಯೊಂದು ಸಂಸ್ಥೆಗೂ ಅದರದೇ ಪಟ್ಟಿ, ಅದರದೇ ಅರ್ಜಿ ನಮೂನೆ, ಅದರದೇ ಅರ್ಹತೆಯ ನಿಯಮ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಸಿಕ್ಕುವುದು ದುರ್ಲಭ. ಪರಿಣಾಮವೇನಾಯಿತೆಂದರೆ, ಯುದ್ಧದಿಂದ ಮರಳಿ ಬಂದು ಬೀದಿಪಾಲಾದ ಮಾಜಿ ಸೈನಿಕನೊಬ್ಬನು ಹ್ಯೂಸ್ಟನ್‌ನಲ್ಲಿ ಶಾಶ್ವತವಾದ ಒಂದು ಮನೆಯನ್ನು ಸೇರಬೇಕಾದರೆ 76 ಹಂತಗಳನ್ನು ದಾಟಬೇಕಾಗಿತ್ತು, ಆ ಯಾತ್ರೆಗೆ 720 ದಿನಗಳು ಹಿಡಿಯುತ್ತಿದ್ದವು. ಬಾಡಿಗೆ ಕರಾರಿಗೆ ಗುರುತಿನ ಚೀಟಿ ಬೇಕು. ಗುರುತಿನ ಚೀಟಿಗೆ ಜನನ ಪ್ರಮಾಣಪತ್ರ ಬೇಕು. ಜನನ ಪ್ರಮಾಣಪತ್ರವನ್ನು ಕೇಳಲು ಹೋದರೆ ನಿನ್ನ ಗುರುತಿನ ಚೀಟಿ ಎಲ್ಲಿ ಎನ್ನುತ್ತಾರೆ. ಇದ್ದ ಕಾಗದಗಳು ಮಳೆಯಲ್ಲಿ ನೆನೆದೋ, ಕಳುವಾಗಿಯೋ, ಹಿಂದಿನ ತೆರವು ಕಾರ್ಯಾಚರಣೆಯಲ್ಲಿ ಕಸದ ಲಾರಿಯ ಪಾಲಾಗಿಯೋ ಹೋಗಿರುತ್ತವೆ. ನಮ್ಮ ತಾಲ್ಲೂಕು ಕಚೇರಿಗಳ ಮೆಟ್ಟಿಲು ಹತ್ತಿಳಿದವರಿಗೆ ಈ ವರ್ತುಲದ ಪರಿಚಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷಗಳ ಈ ಅಲೆದಾಟದಲ್ಲಿ ಮನುಷ್ಯನು ಮಧ್ಯದಲ್ಲೆಲ್ಲೋ ಕೈಬಿಟ್ಟು ಹೋದರೆ, ಕಡತದಲ್ಲಿ ‘ಅರ್ಜಿದಾರನು ಸಹಕರಿಸಲಿಲ್ಲ’ ಎಂಬ ಷರಾ ಬೀಳುತ್ತಿತ್ತು.

ಬದಲಾವಣೆಯು ಎರಡು ದಿಕ್ಕುಗಳಿಂದ ಬಂದಿತು. 2009ರಲ್ಲಿ ಅಮೆರಿಕದ ಸಂಸತ್ತು ಒಂದು ಶಾಸನವನ್ನು ಮಾಡಿ, ವಸತಿಹೀನರಿಗಾಗಿ ಕೇಂದ್ರವು ಕೊಡುತ್ತಿದ್ದ ಬೇರೆ ಬೇರೆ ಅನುದಾನಗಳನ್ನು ಒಟ್ಟುಗೂಡಿಸಿತು. ಒಂದೊಂದು ಪ್ರದೇಶದ ಸಂಸ್ಥೆಗಳೂ ಪರಸ್ಪರ ಸಹಕಾರದಿಂದ ಒಂದೇ ಯೋಜನೆಯನ್ನು ಮುಂದಿಡಬೇಕೆಂಬ ದಿಕ್ಕಿಗೆ ಅವುಗಳನ್ನು ಒತ್ತಿತು. ಹ್ಯೂಸ್ಟನ್ ಆಗ ಕೇಂದ್ರದ ವಸತಿ ಇಲಾಖೆಯು ವಿಶೇಷ ಚಿಂತೆಯಿಂದ ಗುರುತಿಸಿಕೊಂಡ ಊರುಗಳಲ್ಲೊಂದು. ಎರಡನೆಯದಾಗಿ, 2010ರಲ್ಲಿ ಅಲ್ಲಿಯ ಮೇಯರ್ ಪದವಿಗೆ ಬಂದ ಆನಿಸ್ ಪಾರ್ಕರ್ ಅವರು ಅದಕ್ಕೆ ಹಿಂದಿನ ಆರು ವರ್ಷ ಅದೇ ನಗರದ ಹಣಕಾಸಿನ ನಿಯಂತ್ರಣಾಧಿಕಾರಿಯಾಗಿದ್ದವರು. ಯಾವ ಹಣ ಯಾವ ಕಾಲುವೆಯಲ್ಲಿ ಹರಿದು ಎಲ್ಲಿ ಇಂಗಿಹೋಗುತ್ತದೆಂಬುದನ್ನು ಬಲ್ಲವರು. ಪಾರ್ಕರ್ ಅವರು ಡೆಮಾಕ್ರಟಿಕ್ ಪಕ್ಷದವರು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಆಡಳಿತದ ಮುಖ್ಯಸ್ಥರಾಗಿದ್ದ ಎಡ್ ಎಮ್ಮೆಟ್ ರಿಪಬ್ಲಿಕನ್ ಪಕ್ಷದವರು. ಇಬ್ಬರೂ ಈ ಒಂದು ವಿಷಯದಲ್ಲಿ ಜೊತೆಗೂಡಿದುದು ಆ ದೇಶದ ಇಂದಿನ ರಾಜಕೀಯವನ್ನು ಬಲ್ಲವರಿಗೆ ಸ್ವಲ್ಪ ಪುರಾಣದ ಕಥೆಯಂತೆ ಕೇಳಿಸೀತು.

ವಸತಿಹೀನರಿಗಾಗಿ ದುಡಿಯುವ ಸಂಸ್ಥೆಗಳ ಒಕ್ಕೂಟವೊಂದು ಮೊದಲಿನಿಂದಲೂ ಅಲ್ಲಿತ್ತು. ಅದಕ್ಕೆ ಈಗ ನಿಜವಾದ ಸಮನ್ವಯದ ಅಧಿಕಾರ ದೊರೆಯಿತು. ನಗರ, ಕೌಂಟಿ, ವಸತಿ ಪ್ರಾಧಿಕಾರಗಳು, ಮಾಜಿ ಸೈನಿಕರ ಇಲಾಖೆ, ಚರ್ಚುಗಳು, ವೈದ್ಯಕೀಯ ಸಂಸ್ಥೆಗಳು, ವರ್ತಕರು ಹೀಗೆ ನೂರಕ್ಕೂ ಮಿಕ್ಕ ಸಂಸ್ಥೆಗಳು ‘ದಿ ವೇ ಹೋಮ್’, ಎಂದರೆ ಮನೆಯ ದಾರಿ, ಎಂಬ ಹೆಸರಿನಲ್ಲಿ ಕೂಡಿದವು. ಕೂಡಿದವು ಎಂದು ಬರೆಯುವುದು ಸುಲಭ. ಸಭೆ ಸೇರಿ ಠರಾವು ಮಾಡುವ ಒಕ್ಕೂಟಗಳಿಗೆ ನಮ್ಮಲ್ಲಿಯೂ ಬರವಿಲ್ಲ. ಇಲ್ಲಿಯ ವಿಶೇಷವೇನೆಂದರೆ, ಅನುದಾನ ಬೇಕಾದ ಸಂಸ್ಥೆಯು ತನ್ನ ಸ್ವಂತ ಪಟ್ಟಿಯನ್ನು ಬಿಟ್ಟುಕೊಟ್ಟು, ಸಾಮಾನ್ಯ ಪಟ್ಟಿಯಿಂದ ಸರದಿಯಂತೆ ಬರುವ ಮನುಷ್ಯನನ್ನು ಸ್ವೀಕರಿಸಲೇಬೇಕೆಂಬ ನಿಯಮ. ತನಗೆ ಹಿಡಿಸಿದವರನ್ನು ಮಾತ್ರ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ತ್ಯಜಿಸುವುದು ದಾನಶೀಲ ಸಂಸ್ಥೆಗಳಿಗೆ ಹಣವನ್ನು ತ್ಯಜಿಸುವುದಕ್ಕಿಂತಲೂ ಕಠಿನವಾದ ಕೆಲಸ. ಸಭೆಗಳಲ್ಲಿ ಸೌಜನ್ಯದ ಮಾತುಗಳು ಎಷ್ಟೇ ನಡೆದರೂ ಹಣದ ಚೀಲದ ಬಾಯಿಗೆ ಕಟ್ಟಿದ ದಾರವು ಒಂದೇ ಕೈಯಲ್ಲಿರದಿದ್ದರೆ ಸಮನ್ವಯವು ಭಾಷಣದ ವಸ್ತುವಾಗಿ ಉಳಿಯುತ್ತದೆ.

ಆ ಸಾಮಾನ್ಯ ಪಟ್ಟಿಯ ಸ್ವರೂಪವನ್ನು ಸ್ವಲ್ಪ ನೋಡಬೇಕು. ಬೀದಿಯಲ್ಲಿ ಮಲಗಿದವನನ್ನು ಯಾವ ಸಂಸ್ಥೆಯ ಕಾರ್ಯಕರ್ತನು ಮೊದಲು ಮಾತನಾಡಿಸಿದರೂ, ಆತನು ಕೇಳುವ ಪ್ರಶ್ನೆಗಳು ಒಂದೇ. ಉತ್ತರಗಳು ಸೇರುವ ದಾಖಲೆಯೂ ಒಂದೇ. ಎಷ್ಟು ಕಾಲದಿಂದ ಬೀದಿಯಲ್ಲಿದ್ದಾನೆ, ಯಾವ ಕಾಯಿಲೆಯಿದೆ, ಎಷ್ಟು ಸಲ ಆಸ್ಪತ್ರೆಗೂ ಜೈಲಿಗೂ ಹೋಗಿಬಂದಿದ್ದಾನೆ, ಅವನ ಜೊತೆಗೆ ಯಾರಿದ್ದಾರೆ ಎಂಬ ವಿವರಗಳು ಹೆಸರು ಸಹಿತ ಅಲ್ಲಿ ದಾಖಲಾಗುತ್ತವೆ. ಅಂಗವೈಕಲ್ಯವೋ ದೀರ್ಘ ವ್ಯಾಧಿಯೋ ಇದ್ದು ಒಂದು ವರ್ಷ ಎಡೆಬಿಡದೆ, ಅಥವಾ ಮೂರು ವರ್ಷಗಳಲ್ಲಿ ನಾಲ್ಕು ಬಾರಿಯಾಗಿ ಒಟ್ಟು ಹನ್ನೆರಡು ತಿಂಗಳು ಬೀದಿಯಲ್ಲಿ ಕಳೆದವನನ್ನು ಅಲ್ಲಿಯ ನಿಯಮಗಳು ದೀರ್ಘಕಾಲದ ವಸತಿಹೀನನೆಂದು ಪರಿಗಣಿಸುತ್ತವೆ. ಮೊದಲ ಮನೆಗಳು ಅಂಥವರಿಗೆ. ಮೊದಲು ಬಂದವನಿಗೆ ಮೊದಲು ಎಂಬ ನಮ್ಮ ಪಡಿತರದ ಅಂಗಡಿಯ ನ್ಯಾಯ ಅಲ್ಲಿ ನಡೆಯುವುದಿಲ್ಲ. ಸಾಲಿನಲ್ಲಿ ನಿಲ್ಲುವ ಶಕ್ತಿಯಿಲ್ಲದವನನ್ನು ಹುಡುಕಿಕೊಂಡು ಹೋಗಿ ಸಾಲಿನ ಮುಂಭಾಗದಲ್ಲಿ ನಿಲ್ಲಿಸುವುದು ಅದರ ತತ್ತ್ವ. ಇದರಲ್ಲಿ ಒಂದು ನೋವೂ ಅಡಗಿದೆ: ನಿನ್ನೆ ತಾನೇ ಬಾಡಿಗೆ ಕಟ್ಟಲಾರದೆ ಮನೆ ಬಿಟ್ಟವನು, ಸ್ವಲ್ಪ ಸಹಾಯ ಸಿಕ್ಕರೆ ಬೇಗನೆ ಚೇತರಿಸಿಕೊಳ್ಳಬಲ್ಲವನು, ತನ್ನ ಕಷ್ಟ ಇನ್ನಷ್ಟು ಬಲಿಯುವ ತನಕ ಕಾಯಬೇಕಾಗಿ ಬರಬಹುದು. ಪದಾರ್ಥ ಸಾಲದಿರುವಲ್ಲಿ ಯಾವ ಸರದಿಯೂ ಪೂರ್ಣವಾಗಿ ನ್ಯಾಯವಾಗಲಾರದು.

ಮನೆಯನ್ನು ಕೊಡುವ ಕ್ರಮದಲ್ಲಿಯೂ ಅವರು ಹಳೆಯ ನೀತಿಯನ್ನು ತಲೆಕೆಳಗು ಮಾಡಿದರು. ಹಿಂದಿನ ನೀತಿಯಂತೆ ಬೀದಿಯವನು ಮೊದಲು ಕುಡಿತವನ್ನು ಬಿಡಬೇಕು, ಔಷಧಿಯನ್ನು ಕ್ರಮವಾಗಿ ತೆಗೆದುಕೊಳ್ಳಬೇಕು, ಕೆಲಸ ಹುಡುಕಬೇಕು. ಈ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಬಹುಮಾನವಾಗಿ ಮನೆ. 1992ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಆರಂಭಿಸಿದ ಪ್ರಯೋಗವು ಈ ಅನುಕ್ರಮವನ್ನು ಪ್ರಶ್ನಿಸಿತು. ಮಳೆಯಲ್ಲಿ ನೆನೆಯುತ್ತ, ರಾತ್ರಿಯೆಲ್ಲ ಕಳ್ಳರ ಭಯದಿಂದ ಎಚ್ಚರವಾಗಿರುವವನಿಗೆ ಸಂಯಮವನ್ನು ಬೋಧಿಸುವುದಕ್ಕಿಂತ, ಮೊದಲು ಬಾಗಿಲಿರುವ ಒಂದು ಕೋಣೆಯನ್ನು ಕೊಟ್ಟು, ಆಮೇಲೆ ವೈದ್ಯನನ್ನೂ ಸಲಹೆಗಾರನನ್ನೂ ಆ ಬಾಗಿಲಿಗೆ ಕಳುಹಿಸುವುದು ಲೇಸೆಂಬುದು ಅವರ ವಾದ. ಮನೆ ಮೊದಲು ಎಂಬ ಈ ಪಂಥವನ್ನು ಕೆನಡಾ ದೇಶವು 2009ರಿಂದ ಐದು ನಗರಗಳಲ್ಲಿ ಸುಮಾರು ಎರಡು ಸಾವಿರ ಜನರ ಮೇಲೆ ವ್ಯವಸ್ಥಿತವಾಗಿ ಪರೀಕ್ಷಿಸಿ ನೋಡಿತು. ಹೀಗೆ ಮನೆ ಹೊಕ್ಕವರು ಇತರ ವಿಧಾನಗಳಿಂದ ಹೊಕ್ಕವರಿಗಿಂತ ಹೆಚ್ಚು ಕಾಲ ಮನೆಯಲ್ಲಿ ನಿಂತರೆಂದು ಕಂಡುಬಂದಿತು. ವ್ಯಸನವಾಗಲಿ ಚಿತ್ತವಿಕಾರವಾಗಲಿ ಮನೆ ಸಿಕ್ಕ ಮಾತ್ರದಿಂದ ವಾಸಿಯಾಗುವುದೆಂದು ಯಾರೂ ಹೇಳಲಾರರು. ವಿರೋಧಿಗಳ ಆಕ್ಷೇಪವು ಈ ಅಂಶದಲ್ಲಿ ನಿಜ. ಆದರೆ ಅವರು ಮನೆಯಿಂದ ನಿರೀಕ್ಷಿಸುವ ಪವಾಡವನ್ನು ಬೀದಿಯಾದರೂ ಎಂದು ಮಾಡಿತ್ತು?

ಹ್ಯೂಸ್ಟನ್‌ನವರಿಗೆ ಒಂದು ಭಾಗ್ಯವಿತ್ತು, ಅದನ್ನು ಮರೆಮಾಚುವುದು ಸರಿಯಲ್ಲ. ಯಾವ ಜಾಗದಲ್ಲಿ ಯಾವ ಬಗೆಯ ಕಟ್ಟಡ ಏಳಬೇಕೆಂದು ವಲಯಗಳನ್ನು ವಿಧಿಸುವ ಕಾನೂನಿಲ್ಲದ ದೊಡ್ಡ ನಗರ ಆ ದೇಶದಲ್ಲಿ ಅದೊಂದೇ. ಆದುದರಿಂದ ಅಲ್ಲಿ ಕಟ್ಟಡಗಳು ಬೇಗ ಏಳುತ್ತವೆ, ಬಾಡಿಗೆ ಕೈಗೆಟುಕುತ್ತದೆ, ಖಾಲಿ ಮನೆಗಳೂ ಸಿಕ್ಕುತ್ತವೆ. ಸಂಸ್ಥೆಗಳು ಹೊಸ ಕಟ್ಟಡಗಳಿಗಾಗಿ ಮಾತ್ರ ಕಾಯುತ್ತ ಕುಳಿತುಕೊಳ್ಳದೆ, ಊರಿನ ಸಾಧಾರಣ ವಠಾರಗಳಲ್ಲಿ ಖಾಲಿಯಿದ್ದ ಮನೆಗಳನ್ನು ಹುಡುಕಿ ಬಾಡಿಗೆಗೆ ಹಿಡಿದವು. ಮನೆಯೊಡೆಯರನ್ನು ಒಪ್ಪಿಸುವುದಕ್ಕೆಂದೇ ಪ್ರತ್ಯೇಕ ಸಿಬ್ಬಂದಿ ನೇಮಕವಾಯಿತು. ಬಾಡಿಗೆ ತಪ್ಪದೆ ಬರುವುದೆಂಬ ಭರವಸೆ, ಗೋಡೆ ಬಾಗಿಲು ಮುರಿದರೆ ರಿಪೇರಿಗೆ ನಿಧಿ, ತಕರಾರು ಬಂದರೆ ಫೋನು ಎತ್ತಿಕೊಳ್ಳುವ ಒಬ್ಬ ಹೊಣೆಗಾರ ಇಷ್ಟಿದ್ದರೆ ಬಾಡಿಗೆದಾರನ ಹಿಂದಿನ ಚರಿತ್ರೆಯನ್ನು ಕೆದಕದೆ ಬೀಗದ ಕೈ ಕೊಡುವ ಒಡೆಯರು ಸಿಕ್ಕಿದರು. ಆದಾಯವೇನಾದರೂ ಇರುವ ಬಾಡಿಗೆದಾರನು ಅದರ ಶೇಕಡ 30ರಷ್ಟನ್ನು ತನ್ನ ಪಾಲಾಗಿ ಕೊಡುತ್ತಾನೆ, ಉಳಿದುದನ್ನು ಅನುದಾನವು ತುಂಬುತ್ತದೆ. ಹೀಗೆ 76 ಹಂತಗಳ ಆ ಹಳೆಯ ದಾರಿ ಸವೆದು, 720 ದಿನಗಳ ಕಾಯುವಿಕೆಯು 2022ರ ವೇಳೆಗೆ 32 ದಿನಗಳಿಗೆ ಇಳಿಯಿತು. 2015ರಲ್ಲಿಯೇ ಮಾಜಿ ಸೈನಿಕರಲ್ಲಿ ವಸತಿಹೀನತೆ ಬಹುಮಟ್ಟಿಗೆ ನಿವಾರಣೆಯಾಯಿತೆಂದು ನಗರವು ಘೋಷಿಸಿತ್ತು. 2012ರಿಂದ ಈಚೆಗೆ ಆ ವ್ಯವಸ್ಥೆಯ ಮೂಲಕ ಮನೆ ಸೇರಿದವರ ಸಂಖ್ಯೆ 30,000ವನ್ನು ಮೀರಿದೆ. ಅವರಲ್ಲಿ ಬಹುಪಾಲಿನವರು ಎರಡು ವರ್ಷ ಕಳೆದ ಮೇಲೂ ಮನೆಯಲ್ಲಿಯೇ ಇದ್ದಾರೆ.

ಇನ್ನು ಡೇರೆಗಳ ಬಿಡಾರಗಳ ವಿಷಯ. ಇದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಸಾಮಾನ್ಯ ನಾಗರಿಕನ ಕಣ್ಣಿಗೆ ಬೀಳುವುದು ಪಟ್ಟಿಯಲ್ಲ, ಬಿಡಾರ. ಬೇರೆ ಊರುಗಳಲ್ಲಿ ನಡೆಯುವ ತೆರವು ಕಾರ್ಯಾಚರಣೆಯ ಕ್ರಮವನ್ನು ನಾವೂ ಬಲ್ಲೆವು: ನೋಟೀಸು ಅಂಟಿಸುತ್ತಾರೆ, ಗೊತ್ತಾದ ಬೆಳಿಗ್ಗೆ ಪೋಲೀಸರೂ ಕಸದ ಲಾರಿಯೂ ಬರುತ್ತವೆ, ಕಂಬಳಿ, ಔಷಧಿ, ಕಾಗದಪತ್ರ, ಪಾತ್ರೆ ಎಲ್ಲವೂ ಲಾರಿಗೆ, ಜನರು ಮುಂದಿನ ಬೀದಿಗೆ. ಹದಿನೈದು ದಿನಗಳಲ್ಲಿ ಅವರು ಹಳೆಯ ಜಾಗಕ್ಕೆ ಮರಳಿರುತ್ತಾರೆ, ಆದರೆ ಮೊದಲಿದ್ದ ಗುರುತಿನ ಚೀಟಿ ಈಗ ಇರುವುದಿಲ್ಲ; ಕಾರ್ಯಕರ್ತರು ತಿಂಗಳುಗಟ್ಟಲೆ ಓಡಾಡಿ ಸಂಪಾದಿಸಿದ ವಿಶ್ವಾಸವೂ ಇರುವುದಿಲ್ಲ. ಹ್ಯೂಸ್ಟನ್‌ನಲ್ಲಿ ಇದರ ಕ್ರಮ ವಿಲೋಮವಾಯಿತು. ಯಾವ ಬಿಡಾರವನ್ನು ಮುಚ್ಚಬೇಕೆಂದು ಮೊದಲು ಗೊತ್ತುಮಾಡಿ, ವಾರಗಟ್ಟಲೆ ಅಲ್ಲಿಗೆ ಹೋಗಿ, ಡೇರೆಯಿಂದ ಡೇರೆಗೆ ಕುಳಿತು ಮಾತನಾಡಿ, ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡು, ಕಳೆದುಹೋದ ಕಾಗದಗಳನ್ನು ಮಾಡಿಸಿಕೊಟ್ಟು, ಅಷ್ಟು ಜನಕ್ಕೂ ಮನೆಗಳನ್ನು ಗೊತ್ತುಮಾಡಿದ ಮೇಲೆ ಮುಚ್ಚುವ ದಿನವನ್ನು ನಿಶ್ಚಯಿಸುತ್ತಾರೆ. ಆ ದಿನ ಬರುವುದು ಜನರನ್ನು ಮನೆಗೆ ಒಯ್ಯುವ ವ್ಯಾನು. ತಾನು ಕೂಡಿಟ್ಟ ಸಾಮಾನುಗಳಲ್ಲಿ ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕೆಂದು ಒಬ್ಬಾಕೆ ಚೀಲಗಳ ಮುಂದೆ ಕುಳಿತು ಯೋಚಿಸುವುದಕ್ಕೂ, ನನ್ನ ನಾಯಿಯನ್ನು ಬಿಟ್ಟು ಬರಲಾರೆನೆಂದು ಇನ್ನೊಬ್ಬನು ಹಟ ಹಿಡಿಯುವುದಕ್ಕೂ ಅಲ್ಲಿ ಸಮಯವಿರುತ್ತದೆ. ಹೊಸ ಮನೆಯಲ್ಲಿ ಮಂಚ, ಹಾಸಿಗೆ, ಒಂದಿಷ್ಟು ಪಾತ್ರೆ, ಸ್ನಾನದ ಕೋಣೆಯಲ್ಲಿ ಸೋಪು. ಎಲ್ಲರೂ ಹೊರಟ ಮೇಲೆ ಮಾತ್ರ ಜಾಗವನ್ನು ಶುಚಿಮಾಡಿ, ಮತ್ತೆ ಡೇರೆಗಳು ಏಳದಂತೆ ಮುಚ್ಚುತ್ತಾರೆ. ಮನೆಗಳು ಇನ್ನೂ ಸಿದ್ಧವಾಗದ ಸಂದರ್ಭಗಳಿಗಾಗಿ 2023ರ ಜನವರಿಯಲ್ಲಿ ಫಿಫ್ತ್ ವಾರ್ಡ್ ಎಂಬ ಹಳೆಯ ಬಡಾವಣೆಯಲ್ಲಿ ಒಂದು ನಡುದಾರಿಯ ತಂಗುದಾಣವನ್ನೂ ತೆರೆದರು. ದಂಪತಿಗಳನ್ನು ಬೇರ್ಪಡಿಸುವುದಿಲ್ಲ, ಸಾಕುಪ್ರಾಣಿಗಳಿಗೂ ಅಲ್ಲಿ ಪ್ರವೇಶವುಂಟು. ಎಲ್ಲ ಊರುಗಳ ಅನಪೇಕ್ಷಿತ ಸಂಸ್ಥೆಗಳೂ ಬಡವರ ಬಡಾವಣೆಗೇ ಏಕೆ ಬರಬೇಕೆಂದು ಅಲ್ಲಿಯ ನಿವಾಸಿಗಳು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪು ಹುಡುಕುವುದು ಕಷ್ಟ.

ಇಂಥ ಪರಿಶ್ರಮಕ್ಕೆ ಎಲ್ಲ ಊರುಗಳೂ ಮನಸ್ಸು ಮಾಡಬೇಕೆಂಬ ನಿರ್ಬಂಧವಿಲ್ಲ. ಆರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಎಂಬ ಸಣ್ಣ ಪಟ್ಟಣವು ಸಾರ್ವಜನಿಕ ಸ್ಥಳದಲ್ಲಿ ಕಂಬಳಿ ಹೊದ್ದು ಮಲಗಿದವರಿಗೆ ದಂಡ ವಿಧಿಸತೊಡಗಿದಾಗ, ಮಲಗಲು ಬೇರೆ ಎಡೆಯೇ ಇಲ್ಲದವನನ್ನು ಮಲಗಿದ ಅಪರಾಧಕ್ಕಾಗಿ ಶಿಕ್ಷಿಸುವುದು ಸಂವಿಧಾನಕ್ಕೆ ವಿರುದ್ಧವಾದ ಕ್ರೂರ ಶಿಕ್ಷೆಯಲ್ಲವೆ ಎಂಬ ಪ್ರಶ್ನೆಯು ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2024ರ ಜೂನ್ 28ರಂದು ಆರು ಮಂದಿ ನ್ಯಾಯಮೂರ್ತಿಗಳು ಅಲ್ಲವೆಂದೂ ಮೂವರು ಹೌದೆಂದೂ ತೀರ್ಪಿತ್ತರು. ಅಂದಿನಿಂದ ಅನೇಕ ನಗರಗಳು ದಂಡದ ಮಾರ್ಗವನ್ನೇ ಹಿಡಿದಿವೆ. ಕೈಯಲ್ಲಿ ಕಾಸಿಲ್ಲದವನ ಮೇಲೆ ದಂಡ ಹೇರಿ, ಅದನ್ನು ಕಟ್ಟಲಿಲ್ಲವೆಂದು ವಾರಂಟು ಹೊರಡಿಸಿ, ಆ ವಾರಂಟಿನ ದೆಸೆಯಿಂದ ಮುಂದೆ ಅವನಿಗೆ ಬಾಡಿಗೆ ಮನೆಯೂ ಕೆಲಸವೂ ಸಿಕ್ಕದಂತೆ ಮಾಡುವ ಈ ನೀತಿಯನ್ನು ನ್ಯಾಯಶಾಸ್ತ್ರವು ಸಮ್ಮತಿಸಬಹುದು, ಅರ್ಥಶಾಸ್ತ್ರವಂತೂ ಸಮ್ಮತಿಸಲಾರದು.

ಹ್ಯೂಸ್ಟನ್ ಕೂಡ ಈ ಪ್ರಲೋಭನೆಯಿಂದ ಪೂರ್ತಿಯಾಗಿ ಮುಕ್ತವಾಗಿಲ್ಲ. ಹಗಲಿನ ಹೊತ್ತು ಪೇಟೆಯ ಫುಟ್‌ಪಾತಿನ ಮೇಲೆ ಕೂರಬಾರದು, ಮಲಗಬಾರದು ಎಂಬ ಅಲ್ಲಿಯ ಕಟ್ಟಳೆಯು 2002ರದು; 2025ರಲ್ಲಿ ನಗರಸಭೆಯು ಅದನ್ನು ನಗರದ ಮಧ್ಯಭಾಗದಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಗಳಿಗೂ ವಿಸ್ತರಿಸಿತು. 2012ರಲ್ಲಿ, ಅಂದರೆ ಮನೆಯ ದಾರಿಯನ್ನು ತೆರೆಯುತ್ತಿದ್ದ ಅದೇ ಪಾರ್ಕರ್ ಅವರ ಆಡಳಿತಕಾಲದಲ್ಲಿ, ಜಾಗದ ಒಡೆಯನ ಅನುಮತಿಯಿಲ್ಲದೆ ಐವರಿಗಿಂತ ಹೆಚ್ಚು ಮಂದಿ ನಿರ್ಗತಿಕರಿಗೆ ಊಟ ಹಾಕಬಾರದೆಂಬ ನಿಯಮವೂ ಬಂದಿತು. ಈ ನಿಯಮದಡಿ 2023ರಲ್ಲಿ ಕೇಂದ್ರ ಗ್ರಂಥಾಲಯದ ಹೊರಗೆ ಅನ್ನ ಬಡಿಸುತ್ತಿದ್ದ ಸ್ವಯಂಸೇವಕರಿಗೆ ಪೋಲೀಸರು ಒಂದಾದ ಮೇಲೊಂದರಂತೆ ದಂಡದ ಚೀಟಿಗಳನ್ನು ಕೊಟ್ಟರು. ಅನ್ನದಾನವನ್ನು ಪುಣ್ಯಗಳಲ್ಲಿ ಪುಣ್ಯವೆಂದು ಭಾವಿಸುವ ನಮಗೆ ಇದು ವಿಪರೀತವಾಗಿ ತೋರುವುದು ಸಹಜ. ಅನ್ನವು ಒಂದು ಗೊತ್ತಾದ ಕಡೆ ದೊರೆತರೆ ಅಲ್ಲಿಗೇ ವೈದ್ಯರೂ ಕಾರ್ಯಕರ್ತರೂ ಬರಬಹುದೆಂಬುದು ನಗರದ ಸಮಜಾಯಿಷಿ. ಸಮಜಾಯಿಷಿಯಲ್ಲಿ ಯುಕ್ತಿಯಿದೆ, ಅದಕ್ಕೆ ದಂಡದ ಚೀಟಿ ಏಕೆ ಬೇಕಾಯಿತೆಂಬುದಕ್ಕೆ ಉತ್ತರವಿಲ್ಲ.

ಜನವರಿಯ ಎಣಿಕೆಯನ್ನು ಕುರಿತೂ ಒಂದು ಎಚ್ಚರಿಕೆಯ ಮಾತು ಅವಶ್ಯ. ಒಂದು ರಾತ್ರಿಯ ಲೆಕ್ಕವು ನೆಂಟರ ಮನೆಯ ಪಡಸಾಲೆಯಲ್ಲಿ ದಿನ ದೂಡುವವರನ್ನು ಕಾಣುವುದಿಲ್ಲ. ಒಬ್ಬನು ಮನೆ ಸೇರುವ ವೇಳೆಗೆ ಬಾಡಿಗೆ ಬಾಕಿಯಿಂದ ಇನ್ನೊಬ್ಬನು ಬೀದಿಗೆ ಬಿದ್ದಿರುತ್ತಾನೆ. ಆ ಪ್ರವಾಹದ ಮೂಲವನ್ನು ತಡೆಯುವ ಅಧಿಕಾರ ಈ ಒಕ್ಕೂಟಕ್ಕಿಲ್ಲ. 2017ರ ಹಾರ್ವಿ ಚಂಡಮಾರುತವು ಆ ಪ್ರಾಂತವನ್ನು ಜಲಮಯ ಮಾಡಿದಾಗ ಮರುವರ್ಷದ ಎಣಿಕೆ ಮತ್ತೆ ನಾಲ್ಕು ಸಾವಿರವನ್ನು ದಾಟಿತು. ಕೋವಿಡ್ ಕಾಲದಲ್ಲಿ ಕೇಂದ್ರವು ಕೊಟ್ಟ ಪರಿಹಾರದ ಹಣವನ್ನು ಬೇರೆ ಊರುಗಳು ತಾತ್ಕಾಲಿಕ ಏರ್ಪಾಡುಗಳಿಗೆ ವ್ಯಯಮಾಡಿದರೆ, ಮೇಯರ್ ಸಿಲ್ವೆಸ್ಟರ್ ಟರ್ನರ್ ಅವರ ಹ್ಯೂಸ್ಟನ್ ಅದನ್ನು ಸಿದ್ಧವಾಗಿದ್ದ ತನ್ನ ವ್ಯವಸ್ಥೆಯೊಳಗೆ ಹಾಕಿ ಸಾವಿರಾರು ಜನರನ್ನು ಮನೆ ಸೇರಿಸಿತು. ಆ ಹಣ ಈಗ ಮುಗಿದಿದೆ. 2025ರ ಜುಲೈಯಲ್ಲಿ ಅಧ್ಯಕ್ಷ ಟ್ರಂಪ್ ಅವರು ಹೊರಡಿಸಿದ ಆಜ್ಞೆಯು ಮನೆ ಮೊದಲು ಎಂಬ ನೀತಿಗೆ ಕೇಂದ್ರದ ಬೆಂಬಲವನ್ನು ಹಿಂತೆಗೆದುಕೊಳ್ಳಬೇಕೆಂದೂ, ಬೀದಿ ಬಿಡಾರಗಳನ್ನು ನಿಷೇಧಿಸುವ ಊರುಗಳಿಗೆ ಅನುದಾನದಲ್ಲಿ ಆದ್ಯತೆ ಕೊಡಬೇಕೆಂದೂ ನಿರ್ದೇಶಿಸಿದೆ. ಒಂದೇ ಕೈಯಲ್ಲಿದ್ದ ದಾರವನ್ನು ಬೇರೆ ದಿಕ್ಕಿಗೂ ಎಳೆಯಬಹುದೆಂಬುದು ಸಮನ್ವಯದ ಪಕ್ಷಪಾತಿಗಳಾದ ನನ್ನಂಥವರು ಒಪ್ಪಿಕೊಳ್ಳಬೇಕಾದ ಮಾತು.

ನಮ್ಮ ಕಡೆಗೆ ತಿರುಗಿದರೆ, ಕಾನೂನಿನ ಮಟ್ಟಿಗೆ ನಾವು ಅವರಿಗಿಂತ ಉದಾರಿಗಳೇ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಪ್ರತಿ ಒಂದು ಲಕ್ಷ ನಗರವಾಸಿಗಳಿಗೆ ಒಂದರಂತೆ ವರ್ಷವಿಡೀ ಹಗಲಿರುಳು ತೆರೆದಿರುವ ಆಶ್ರಯ ಕೇಂದ್ರಗಳು ಇರತಕ್ಕದ್ದೆಂದು ವಿಧಿಸಿತು; 2013ರಿಂದ ಕೇಂದ್ರ ಸರಕಾರದ ನಗರ ಜೀವನೋಪಾಯ ಯೋಜನೆಯಲ್ಲಿ ಅದಕ್ಕೆ ಹಣವೂ ಒದಗಿತು. ಆದರೆ ಎಷ್ಟು ಜನಕ್ಕೆಂದು ಕೇಳಿದರೆ ನಾವು ತೆರೆದು ನೋಡುವುದು 2011ರ ಫೆಬ್ರವರಿ 28ರ ರಾತ್ರಿ ಜನಗಣತಿಯವರು ಬರೆದುಕೊಂಡ 17.7 ಲಕ್ಷವೆಂಬ ಅಂಕಿಯನ್ನು. ಅವರು ವರ್ಷಕ್ಕೊಮ್ಮೆ ಮಾಡುವ ಕೆಲಸವನ್ನು ನಾವು ಹತ್ತು ವರ್ಷಕ್ಕೊಮ್ಮೆ ಮಾಡುವವರು, ಈ ಸಲ ಅದೂ ತಪ್ಪಿತು. ಕರ್ನಾಟಕದಲ್ಲಿ ಆಶ್ರಯ ಕೇಂದ್ರಗಳು ನಗರಪಾಲಿಕೆಗಳ ಕೈಯಲ್ಲಿವೆ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಂತೆ ಹಿಡಿದು ತಂದವರನ್ನು ಇರಿಸುವ ನಿರಾಶ್ರಿತರ ಪರಿಹಾರ ಕೇಂದ್ರಗಳು ಇನ್ನೊಂದು ಇಲಾಖೆಯ ಕೈಯಲ್ಲಿ, ಅವಕ್ಕಾಗಿ ನಮ್ಮ ಆಸ್ತಿ ತೆರಿಗೆಯ ಜೊತೆಗೆ ಶೇಕಡ 3ರ ಉಪಕರವೂ ವಸೂಲಾಗುತ್ತದೆ. ಮಾನಸಿಕ ಚಿಕಿತ್ಸೆ ಮತ್ತೊಂದು ಇಲಾಖೆ. ಫುಟ್‌ಪಾತಿನಿಂದ ಎಬ್ಬಿಸುವುದು ಪೋಲೀಸು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ರಾತ್ರಿ ಮಲಗುವ ಮುದುಕನೊಬ್ಬನು ಈ ನಾಲ್ಕರಲ್ಲಿ ಯಾರ ಹೊಣೆಯೆಂದು ಕೇಳಿದರೆ ನಾಲ್ಕು ಕಡೆಯಿಂದಲೂ ಸಮರ್ಪಕವಾದ ಸಬೂಬು ದೊರೆಯುತ್ತದೆ.

ಇದರ ಮೇಲೆ 2025ರ ಸೆಪ್ಟೆಂಬರಿನಿಂದ ಬೆಂಗಳೂರು ಒಂದು ಪಾಲಿಕೆಯಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು. ಹ್ಯೂಸ್ಟನ್ ಮೂರು ಕೌಂಟಿಗಳನ್ನು ಒಂದೇ ಪಟ್ಟಿಯೊಳಗೆ ತಂದ ಕಥೆಯನ್ನು ಓದುತ್ತಿರುವ ಹೊತ್ತಿಗೆ ನಾವು ಒಂದು ಊರನ್ನು ಐದಾಗಿ ವಿಭಾಗಿಸಿದ್ದೇವೆ. ಆಡಳಿತದ ಇತರ ಕೆಲಸಗಳಿಗೆ ಅದರಿಂದ ಅನುಕೂಲವಾಗಬಹುದು, ಆದರೆ ಕಲಾಸಿಪಾಳ್ಯದಲ್ಲಿ ಹಗಲು ಕಳೆದು ಯಶವಂತಪುರದಲ್ಲಿ ಇರುಳು ಕಳೆಯುವವನಿಗೆ ಪಾಲಿಕೆಯ ಗಡಿಯ ಅರಿವಿರುವುದಿಲ್ಲ. ಅವನ ಹೆಸರಿರುವ ಪಟ್ಟಿಯು ಪ್ರಾಧಿಕಾರದ ಮಟ್ಟದಲ್ಲಿ ಒಂದೇ ಇರಬೇಕು, ಅದಕ್ಕೆ ಉತ್ತರ ಹೇಳುವ ಅಧಿಕಾರಿಯೂ ಒಬ್ಬನೇ ಇರಬೇಕು, ಬದಲಿ ಎಡೆಯನ್ನು ಕಾಗದದಲ್ಲಿ ತೋರಿಸದ ತೆರವು ಕಾರ್ಯಾಚರಣೆಗೆ ಆ ಅಧಿಕಾರಿಯು ಸಹಿ ಹಾಕಕೂಡದು. ಇವಕ್ಕೆ ಹೊಸ ಕಾಯಿದೆ ಬೇಕಿಲ್ಲ, ಒಂದು ಆದೇಶ ಸಾಕು. 2027ರ ಫೆಬ್ರವರಿಯಲ್ಲಿ ಜನಗಣತಿಯವರು ಮತ್ತೆ ಎಣಿಕೆಗೆ ಹೊರಡಲಿದ್ದಾರೆ. ನಿಮ್ಮ ಬಡಾವಣೆಯಲ್ಲಿ ಯಾವ ಅಂಗಡಿಯ ಜಗಲಿಯ ಮೇಲೆ, ಯಾವ ಸೇತುವೆಯ ಕೆಳಗೆ, ಯಾವ ದೇವಸ್ಥಾನದ ಪ್ರಾಕಾರದ ಹೊರಗೆ ಜನ ಮಲಗುತ್ತಾರೆಂಬುದು ಗಣತಿದಾರರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಜಾಗಗಳನ್ನು ಈಗಲೇ ನಿಮ್ಮ ವಾರ್ಡ್ ಕಚೇರಿಗೆ ಬರೆದು ತಿಳಿಸಿರಿ, ಸ್ವೀಕೃತಿಯ ಮೊಹರನ್ನೂ ಹಾಕಿಸಿಕೊಳ್ಳಿರಿ.